‘ಟೋಲ್ಡ್ ದ್ಯಾಟ್’ ಎಲ್ಲಿ ಕೆಡುತ್ತದೆ? ಇಂಗ್ಲಿಷ್ ಪತ್ರ ಬರೆಯುವ ನಮ್ಮವರಿಗೊಂದು ದೋಷ ನಿವಾರಣೆ ಕೈಪಿಡಿ

ಎರಡು ವರ್ಷದ ಹಿಂದೆ ನಮ್ಮ ಅತ್ತೆಯವರಿಗೆ ಮೊಣಕಾಲಿನ ಆಪರೇಷನ್ ಆಯಿತು. ವಿಮೆ ದುಡ್ಡಿಗೆ ಕಾಗದಪತ್ರ ಜೋಡಿಸಿ, ಜೊತೆಗೆ ಇಂಗ್ಲಿಷಿನಲ್ಲಿ ಒಂದು ಪುಟದ ಪತ್ರ ಬರೆದು ಕಳಿಸಿದೆ. ಹತ್ತು ದಿನಕ್ಕೆ ಪತ್ರ ವಾಪಸ್ ಬಂತು. ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ ಎಳೆದಿದ್ದರು. ಸಾಲು ಇದು: ‘ದ ಡೆಸ್ಕ್ ಟೋಲ್ಡ್ ದ್ಯಾಟ್ ಪ್ರಯರ್ ಅಪ್ರೂವಲ್ ಈಸ್ ನಾಟ್ ನೀಡೆಡ್.’ ಪಕ್ಕದಲ್ಲಿ ಎರಡೇ ಪದ: ‘ಟೋಲ್ಡ್ ಹೂಮ್?’

ಯಾರಿಗೆ ಹೇಳಿದರು? ಮೊದಲು ಸಿಟ್ಟು ಬಂತು. ವಿಷಯ ಅರ್ಥವಾಗಿದೆ, ಸುಮ್ನೆ ತಪ್ಪು ಹುಡುಕುತ್ತಿದ್ದಾರೆ ಅನ್ನಿಸಿತು. ಇನ್ನೊಂದು ಸಲ ಓದಿದಾಗ ಆ ಪ್ರಶ್ನೆ ಸರಿಯಾಗೇ ಇದೆ ಅಂತ ಗೊತ್ತಾಯಿತು. ಅನುಮತಿ ಬೇಡ ಅಂತ ನನಗೆ ಹೇಳಿದ್ದರೆ ಒಂದು ಲೆಕ್ಕ, ಆಸ್ಪತ್ರೆಯವರಿಗೆ ಹೇಳಿದ್ದರೆ ಇನ್ನೊಂದು ಲೆಕ್ಕ. ನನ್ನ ಸಾಲಿನಲ್ಲಿ ಆ ಜಾಗ ಖಾಲಿ ಬಿದ್ದಿತ್ತು. ಖಾಲಿ ಇದೆ ಅಂತ ನನ್ನ ಕಣ್ಣಿಗೆ ಬೀಳಲೇ ಇಲ್ಲ. ಯಾಕೆಂದರೆ ‘ಅನುಮತಿ ಬೇಡ ಅಂತ ಹೇಳಿದರು’ ಅನ್ನುವುದು ಕನ್ನಡದಲ್ಲಿ ಪೂರ್ತಿ ವಾಕ್ಯ. ಅದರಲ್ಲಿ ಏನೂ ಕಮ್ಮಿ ಇಲ್ಲ.

ಆವತ್ತಿನಿಂದ ಇಂಥ ಸಾಲುಗಳನ್ನು ಗಮನಿಸುತ್ತಾ ಬಂದಿದ್ದೇನೆ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯ ಮಿನಿಟ್ಸ್, ಅಂದರೆ ಸಭೆಯ ನಡಾವಳಿ, ಬರೆಯುವ ಕೆಲಸ ನನ್ನದು. ಮರಾಠಿ, ಕನ್ನಡ, ಗುಜರಾತಿ, ಮಲಯಾಳ ಎಲ್ಲ ಮನೆಗಳೂ ಇರುವುದರಿಂದ ಮಿನಿಟ್ಸ್ ಇಂಗ್ಲಿಷಿನಲ್ಲೇ. ಪರಿಚಯದ ಕನ್ನಡದವರು ತಮ್ಮ ಪತ್ರಗಳನ್ನೂ ತಂದು ತೋರಿಸುತ್ತಾರೆ: ಬ್ಯಾಂಕಿಗೆ ದೂರು, ಮಗಳ ಶಾಲೆಗೆ ರಜೆ ಚೀಟಿ, ಹೋಟೆಲಿನ ಲೈಸೆನ್ಸಿಗೆ ಅರ್ಜಿ. ತಪ್ಪು ಬಹಳ ಸಲ ‘ದ್ಯಾಟ್’ ಸುತ್ತಮುತ್ತಲೇ ಇರುತ್ತದೆ. ಆದರೆ ದ್ಯಾಟ್ ಕೆಟ್ಟಿರುವುದು ಅಪರೂಪ. ಕೆಟ್ಟಿರುವುದು ಅದರ ಹಿಂದಿನ ಕ್ರಿಯಾಪದದ ಜೋಡಣೆ. ಹಾಗಾಗಿ ಸಾಲು ಯಾಕೋ ಸರಿಯಿಲ್ಲ ಅನ್ನಿಸಿದರೆ ದ್ಯಾಟ್ ಮೇಲೆ ಬೆರಳಿಟ್ಟು, ಒಂದು ಪದ ಎಡಕ್ಕೆ ಸರಿಯಿರಿ. ನೋಡಬೇಕಾದ್ದು ಅಲ್ಲಿ.

ದೋಷ ಎಲ್ಲಿಂದ ಬರುತ್ತದೆ

ನಮ್ಮ ‘ಅಂತ’ ತುಂಬ ಶಕ್ತಿ ಇರುವ ಪದ. ‘ಅನ್ನು’ ಅನ್ನುವ ಕ್ರಿಯಾಪದದಿಂದಲೇ ಹುಟ್ಟಿದ್ದು. ಪುಸ್ತಕದ ಕನ್ನಡದ ‘ಎಂದು’ ಕೂಡ ಹಾಗೇ, ‘ಎನ್ನು’ ಇಂದ ಬಂದದ್ದು. ಮಾತಾಡುವ ಕೆಲಸ ಆ ಪದದ ಒಳಗೇ ಇರುವುದರಿಂದ, ಅದರ ಮುಂದೆ ಯಾವ ಕ್ರಿಯಾಪದ ತಂದಿಟ್ಟರೂ ನಡೆಯುತ್ತದೆ. ಬರ್ತೀನಿ ಅಂತ ಹೇಳಿದ. ಬರ್ತೀಯಾ ಅಂತ ಕೇಳಿದ. ಬಾ ಅಂತ ಕರೆದ. ಬಸ್ಸು ತಪ್ಪಿತು ಅಂತ ಅತ್ತಳು. ಅಪ್ಪ ಬಂದರು ಅಂತ ಓಡಿದಳು. ಹೇಳಿಕೆ, ಪ್ರಶ್ನೆ, ಅಪ್ಪಣೆ, ಕಾರಣ ಎಲ್ಲಕ್ಕೂ ಒಂದೇ ಅಂತ. ಆಡಿದ ಮಾತು ಆಡಿದ ಹಾಗೇ ಮೊದಲು ಬರುತ್ತದೆ, ಕೊನೆಗೆ ಅಂತ ಹಾಕಿದರೆ ಆಯಿತು. ತುಳುವಿನಲ್ಲೂ ಕೊಂಕಣಿಯಲ್ಲೂ ಇಂಥದ್ದೇ ಒಂದು ಪದ ಮಾತಿನ ಕೊನೆಗೆ ಬರುತ್ತದೆ. ಹಾಗಾಗಿ ಮನೆಯಲ್ಲಿ ಆ ಭಾಷೆ ಆಡುವ ನಮ್ಮ ಮುಂಬಯಿಯ ಕರಾವಳಿಯವರಿಗೂ ಇದೇ ಅಭ್ಯಾಸ.

ಇಂಗ್ಲಿಷಿನ ದ್ಯಾಟ್ ಹುಟ್ಟಿದ್ದು ಬೇರೆ ಕಡೆ. ಅದು ಮೊದಲು ‘ಅದು’ ಅಂತ ಬೆರಳು ಮಾಡಿ ತೋರಿಸುವ ಪದ. ‘ಅವನು ಅದನ್ನು ಹೇಳಿದ, ಏನೆಂದರೆ...’ ಅನ್ನುವಂಥ ಜಾಗದಿಂದ ನಿಧಾನಕ್ಕೆ ಎರಡು ವಾಕ್ಯ ಸೇರಿಸುವ ಕೊಂಡಿ ಆಯಿತು. ಅದಕ್ಕೆ ಸ್ವಂತ ಶಕ್ತಿ ಇಲ್ಲ. ಅದರ ಎಡಗಡೆಯ ಕ್ರಿಯಾಪದ ಒಪ್ಪಿದರೆ ಮಾತ್ರ ಅಂಟಿಕೊಳ್ಳುತ್ತದೆ. ಆ ಕ್ರಿಯಾಪದಗಳನ್ನು ಇಂಗ್ಲಿಷ್ ವ್ಯಾಕರಣದಲ್ಲಿ ರಿಪೋರ್ಟಿಂಗ್ ವರ್ಬ್ ಅನ್ನುತ್ತಾರೆ. ಒಂದೊಂದಕ್ಕೂ ಒಂದೊಂದು ಹಟ ಇದೆ.

ಮುಂಬಯಿಯಲ್ಲಿ ಇನ್ನೊಂದು ತೊಡಕು ಸೇರುತ್ತದೆ. ಮರಾಠಿಯ ‘ಕೀ’ ಮತ್ತು ಹಿಂದಿಯ ‘ಕಿ’ ದಿನವಿಡೀ ಕಿವಿಗೆ ಬೀಳುತ್ತವೆ. ‘ತೋ ಮ್ಹಣಾಲಾ ಕೀ’ ಅಂದ ಕೂಡಲೇ ‘ಹಿ ಸೆಡ್ ದ್ಯಾಟ್’ ಅಂತ ತಲೆಗೆ ಬರುತ್ತದೆ. ಕೀ ನಿಂತಿರುವ ಜಾಗವೂ ದ್ಯಾಟ್ ನಿಂತಿರುವ ಜಾಗವೂ ಒಂದೇ. ಆದ್ದರಿಂದ ಕೀ ಬಂದಲ್ಲೆಲ್ಲ ದ್ಯಾಟ್ ಹಾಕುವ ಚಾಳಿ ಹತ್ತುತ್ತದೆ. ಅದು ಎಲ್ಲಿ ಕೈಕೊಡುತ್ತದೆ ಅಂತ ಮುಂದೆ ಹೇಳುತ್ತೇನೆ.

ಮೊದಲ ತಪಾಸಣೆ: ಕೇಳಿಸಿಕೊಂಡವರು ಎಲ್ಲಿ?

ನನ್ನ ಪತ್ರ ವಾಪಸ್ ಬಂದದ್ದು ಈ ದೋಷದಿಂದ. ಹತ್ತು ಪತ್ರ ನೋಡಿದರೆ ಏಳರಲ್ಲಾದರೂ ಇದು ಕಾಣಿಸುತ್ತದೆ, ಅದಕ್ಕೇ ಇದನ್ನು ಮೊದಲು ಇಟ್ಟಿದ್ದೇನೆ.

‘ಟೆಲ್’ ಬಂದರೆ ಅದರ ಪಕ್ಕದಲ್ಲೇ ಕೇಳಿಸಿಕೊಂಡವರು ಇರಬೇಕು. ಟೋಲ್ಡ್ ಮಿ ದ್ಯಾಟ್, ಟೋಲ್ಡ್ ದ ಕಮಿಟಿ ದ್ಯಾಟ್. ನಡುವೆ ‘ಟು’ ಬೇಡ. ಇದೇ ಮನೆಯ ಇನ್ನಷ್ಟು ಜನ: ಇನ್‌ಫಾರ್ಮ್, ನೋಟಿಫೈ, ರಿಮೈಂಡ್, ಅಶ್ಯೂರ್, ಕನ್ವಿನ್ಸ್. ನಮ್ಮ ಶಾಲೆಯ ರಜೆ ಚೀಟಿಗಳು ‘ದಿಸ್ ಈಸ್ ಟು ಇನ್‌ಫಾರ್ಮ್ ದ್ಯಾಟ್’ ಅಂತಲೇ ಶುರುವಾಗುತ್ತವೆ ಅಲ್ವಾ? ಅಲ್ಲಿ ‘ಯು’ ಬಿದ್ದು ಹೋಗಿದೆ. ‘ಟು ಇನ್‌ಫಾರ್ಮ್ ಯು ದ್ಯಾಟ್’ ಆಗಬೇಕು. ‘ದ ಬಿಲ್ಡರ್ ಅಶ್ಯೂರ್ಡ್ ದ್ಯಾಟ್’ ಅನ್ನುವುದೂ ಹಾಗೇ. ಬಿಲ್ಡರ್ ಭರವಸೆ ಕೊಟ್ಟದ್ದು ಯಾರಿಗೆ ಅನ್ನುವುದೇ ಆ ಪತ್ರದ ಜೀವ, ಅದನ್ನೇ ಬಿಟ್ಟರೆ ಹೇಗೆ?

‘ಸೇ’ ಬಂದರೆ ಉಲ್ಟಾ. ಕೇಳಿಸಿಕೊಂಡವರು ಬೇಕಾಗಿಲ್ಲ. ಬೇಕೆಂದರೆ ‘ಟು’ ಹಿಡಿದುಕೊಂಡು ಬರಬೇಕು. ‘ಹಿ ಸೆಡ್ ಮಿ ದ್ಯಾಟ್’ ಯಾವತ್ತೂ ತಪ್ಪು. ‘ಹಿ ಸೆಡ್ ದ್ಯಾಟ್’ ಸರಿ, ‘ಹಿ ಸೆಡ್ ಟು ಮಿ ದ್ಯಾಟ್’ ಸರಿ. ಈ ಮನೆ ದೊಡ್ಡದು: ಎಕ್ಸ್‌ಪ್ಲೇನ್, ಮೆನ್ಷನ್, ಅನೌನ್ಸ್, ಕಂಪ್ಲೇನ್, ಅಡ್ಮಿಟ್, ಕನ್‌ಫರ್ಮ್, ರಿಪೋರ್ಟ್, ಸಜೆಸ್ಟ್. ಇವುಗಳಲ್ಲಿ ಜಾಸ್ತಿ ಕೆಡುವುದು ಎಕ್ಸ್‌ಪ್ಲೇನ್. ‘ಹಿ ಎಕ್ಸ್‌ಪ್ಲೇನ್ಡ್ ಮಿ ದ್ಯಾಟ್’ ಅಂತ ಓದು ಬರಹ ಚೆನ್ನಾಗಿ ಬಲ್ಲವರೂ ಬರೆಯುತ್ತಾರೆ. ‘ನನಗೆ ವಿವರಿಸಿದರು’ ಅನ್ನುವ ಕನ್ನಡ ಬೆನ್ನ ಹಿಂದೆ ನಿಂತಿದೆ. ಆ ‘ಗೆ’ಯನ್ನು ಇಂಗ್ಲಿಷಿಗೂ ದಾಟಿಸಿ, ‘ಎಕ್ಸ್‌ಪ್ಲೇನ್ಡ್ ಟು ಮಿ ದ್ಯಾಟ್’ ಅಂತ ಬರೆದರೆ ಸರಿಹೋಗುತ್ತದೆ. ಆಫೀಸಿನ ಈಮೇಲ್‌ಗಳಲ್ಲಿ ‘ದೇ ರಿಪ್ಲೈಡ್ ಮಿ ದ್ಯಾಟ್’ ಬರುತ್ತಲೇ ಇರುತ್ತದೆ. ಅಲ್ಲಿ ‘ಮಿ’ ತೆಗೆದುಬಿಡಿ, ಸಾಕು.

ನಮ್ಮ ದೊಡ್ಡಪ್ಪ ಹದಿನೈದರ ವಯಸ್ಸಿಗೆ ಊರು ಬಿಟ್ಟು ಮುಂಬಯಿಯ ಫೋರ್ಟಿನ ಹೋಟೆಲಿಗೆ ಬಂದವರು. ಹಗಲು ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ಅವರ ಕಾಲದಲ್ಲಿ ಅಂಥ ಶಾಲೆಗಳಿಂದಲೇ ಎಷ್ಟೋ ಹೋಟೆಲ್ ಹುಡುಗರು ಬ್ಯಾಂಕಿಗೆ, ಗೋದಿಗೆ (ಹಡಗುಕಟ್ಟೆಗೆ), ರೈಲ್ವೆಗೆ ಸೇರಿಕೊಂಡರು. ಅಲ್ಲಿ ಮೇಷ್ಟ್ರು ಹೇಳಿಕೊಟ್ಟ ಒಂದು ಸಾಲನ್ನು ದೊಡ್ಡಪ್ಪ ಕೊನೆತನಕ ಹೇಳುತ್ತಿದ್ದರು: ‘ಸೇಗೆ ಟು ಬೇಕು, ಟೆಲ್‌ಗೆ ಆಳು ಬೇಕು.’ ನಾನು ನನ್ನ ಮಗನಿಗೂ ಅದನ್ನೇ ಹೇಳಿಕೊಟ್ಟಿದ್ದೇನೆ. ಇದಕ್ಕಿಂತ ಚಿಕ್ಕದಾಗಿ ಹೇಳಲು ನನಗೆ ಬರುವುದಿಲ್ಲ.

‘ಪ್ರಾಮಿಸ್’, ‘ವಾರ್ನ್’ ಥರದ ಕೆಲವು ಎರಡೂ ಕಡೆ ಸಲ್ಲುತ್ತವೆ. ‘ಪ್ರಾಮಿಸ್ಡ್ ದ್ಯಾಟ್’ ಸರಿ, ‘ಪ್ರಾಮಿಸ್ಡ್ ಅಸ್ ದ್ಯಾಟ್’ ಕೂಡ ಸರಿ.

ಅದೇ ದೋಷ, ಬೇರೆ ವೇಷ: ‘ಇಟ್ ವಾಸ್ ಇನ್‌ಫಾರ್ಮ್ಡ್ ದ್ಯಾಟ್’

ಮಿನಿಟ್ಸ್ ಬರೆಯುವವರಿಗೆ ಈ ಸಾಲು ಕೈಗೆ ತಾನಾಗಿ ಬರುತ್ತದೆ. ಯಾರು ಹೇಳಿದರು ಅಂತ ಹೆಸರಿಸುವುದು ಬೇಡ ಅನ್ನುವ ಸಂಕೋಚಕ್ಕೆ ‘ಇಟ್ ವಾಸ್ ಇನ್‌ಫಾರ್ಮ್ಡ್ ದ್ಯಾಟ್ ದ ಟ್ಯಾಂಕ್ ವಾಸ್ ಕ್ಲೀನ್ಡ್’ ಅಂತ ಬರೆಯುತ್ತೇವೆ. ‘ತಿಳಿಸಲಾಯಿತು’ ಅನ್ನುವ ಕಚೇರಿ ಕನ್ನಡದ ನೇರ ನಕಲು ಇದು.

ಮೊದಲ ತಪಾಸಣೆಯನ್ನೇ ಇಲ್ಲೂ ಮಾಡಿ. ಇನ್‌ಫಾರ್ಮ್ ಟೆಲ್ ಮನೆಯದು. ಅದಕ್ಕೆ ಆಳು ಬೇಕು. ವಾಕ್ಯ ತಿರುಗಿಸಿದಾಗ ಆ ಆಳೇ ಮುಂದೆ ಬಂದು ಕೂರಬೇಕು: ‘ದ ಮೆಂಬರ್ಸ್ ವರ್ ಇನ್‌ಫಾರ್ಮ್ಡ್ ದ್ಯಾಟ್’. ‘ಐ ವಾಸ್ ಟೋಲ್ಡ್ ದ್ಯಾಟ್’ ಸರಿಯಾಗಿರುವುದೂ ಅದಕ್ಕೇ. ಸೇ ಮನೆಯವಕ್ಕೆ ಆಳಿಲ್ಲ, ಹಾಗಾಗಿ ಅಲ್ಲಿ ‘ಇಟ್’ ಬಂದು ಕೂರುತ್ತದೆ: ‘ಇಟ್ ವಾಸ್ ರಿಪೋರ್ಟೆಡ್ ದ್ಯಾಟ್’, ‘ಇಟ್ ವಾಸ್ ಅನೌನ್ಸ್ಡ್ ದ್ಯಾಟ್’. ‘ಐ ವಾಸ್ ಸೆಡ್ ದ್ಯಾಟ್’ ಅಂದರೆ ಎರಡು ಮನೆ ಕಲಸಿ ಹೋಗಿದೆ ಅಂತ ತಿಳಿಯಿರಿ.

ಹೊಸ ಕ್ರಿಯಾಪದ ಯಾವ ಮನೆಗೆ ಸೇರಿದ್ದು ಅಂತ ಗೊತ್ತಾಗದಿದ್ದರೆ ಇದನ್ನೇ ಪರೀಕ್ಷೆ ಮಾಡಿಕೊಳ್ಳಬಹುದು. ‘ಐ ವಾಸ್’ ಹಚ್ಚಿ ಒಂದು ಸಲ ಜೋರಾಗಿ ಹೇಳಿ ನೋಡಿ. ‘ಐ ವಾಸ್ ರಿಮೈಂಡೆಡ್ ದ್ಯಾಟ್’ ಕಿವಿಗೆ ಹಿತವಾಗಿದೆ, ಟೆಲ್ ಮನೆ. ‘ಐ ವಾಸ್ ಮೆನ್ಷನ್ಡ್ ದ್ಯಾಟ್’ ಕಿವಿಗೆ ಒಡೆಯುತ್ತದೆ, ಸೇ ಮನೆ.

‘ಇಂಟಿಮೇಟ್’ ಬಗ್ಗೆ ಒಂದು ಮಾತು. ನಮ್ಮ ದೇಶದ ಕಚೇರಿಗಳಲ್ಲಿ ಅದಕ್ಕೆ ‘ಅಧಿಕೃತವಾಗಿ ತಿಳಿಸು’ ಅನ್ನುವ ಅರ್ಥ. ಹೊರದೇಶದ ಓದುಗರಿಗೆ ಅದು ‘ಸೂಚ್ಯವಾಗಿ ಹೇಳು’. ಮಗ ದುಬೈಯಲ್ಲೋ ಲಂಡನ್ನಿನಲ್ಲೋ ಇದ್ದು, ಅಲ್ಲಿನ ಕಚೇರಿಗೆ ಪತ್ರ ಹೋಗುವುದಿದ್ದರೆ ಅದರ ಬದಲು ಇನ್‌ಫಾರ್ಮ್ ಹಾಕಿ.

ಎರಡನೇ ತಪಾಸಣೆ: ‘ನಾನು’ ಯಾರು?

ಇದರಲ್ಲಿ ದುಡ್ಡು ಹೋಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಕಳೆದ ಮಳೆಗಾಲದಲ್ಲಿ ನಮ್ಮ ಕಟ್ಟಡದ ಟೆರೇಸ್ ಸೋರುತ್ತಿತ್ತು. ಹಿಂದಿನ ವರ್ಷ ವಾಟರ್‌ಪ್ರೂಫಿಂಗ್ ಮಾಡಿದ ಕಾಂಟ್ರಾಕ್ಟರ್ ಸಭೆಗೆ ಬಂದ. ‘ರಿಪೇರಿ ಖರ್ಚು ನಾನೇ ಹಾಕ್ತೀನಿ’ ಅಂತ ಎಲ್ಲರ ಮುಂದೆ ಒಪ್ಪಿಕೊಂಡ. ಅವತ್ತು ನಾನು ಊರಲ್ಲಿರಲಿಲ್ಲ. ನಮ್ಮ ಕಮಿಟಿಯ ಒಬ್ಬರು, ಕಲಬುರಗಿ ಕಡೆಯವರು, ಮಿನಿಟ್ಸ್ ಬರೆದಿದ್ದರು: ‘ದ ಕಾಂಟ್ರಾಕ್ಟರ್ ಟೋಲ್ಡ್ ದ ಕಮಿಟಿ ದ್ಯಾಟ್ ಐ ವಿಲ್ ಬೇರ್ ದ ಕಾಸ್ಟ್.’ ಟೋಲ್ಡ್ ಸರಿ ಇದೆ. ದ ಕಮಿಟಿ ಸರಿ ಇದೆ. ಮೊದಲ ತಪಾಸಣೆ ಪಾಸು. ಆದರೆ ದ್ಯಾಟ್ ಆದಮೇಲೆ ಬಂದ ‘ಐ’ ಯಾರು? ಇಂಗ್ಲಿಷಿನಲ್ಲಿ ಅದು ಕಾಂಟ್ರಾಕ್ಟರ್ ಅಲ್ಲ. ಆ ಮಿನಿಟ್ಸ್ ಬರೆದವರು! ಟೆರೇಸಿನ ಪೂರ್ತಿ ಖರ್ಚನ್ನು ಆ ಪಾಪದ ಮನುಷ್ಯ ತನ್ನ ತಲೆ ಮೇಲೆ ಹಾಕಿಕೊಂಡ ಹಾಗೆ ಬರೆದಿಟ್ಟಿದ್ದರು. ಸಹಿ ಆಗುವ ಮೊದಲು ಕಣ್ಣಿಗೆ ಬಿತ್ತು, ಬದುಕಿದೆವು. 1960ರ ಮಹಾರಾಷ್ಟ್ರ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ನಡೆಯುವ ನಮ್ಮಂಥ ಸೊಸೈಟಿಗೆ ಮಿನಿಟ್ಸ್ ಅಂದರೆ ದಾಖಲೆ. ನಾಳೆ ಜಗಳ ಬಂದರೆ ಆ ಸಾಲನ್ನೇ ತೆಗೆದು ಓದುತ್ತಾರೆ.

ತಪ್ಪು ಅವರದ್ದಲ್ಲ, ಕನ್ನಡದ ನಡೆಯೇ ಹಾಗೆ. ‘ನಾನು ಹಾಕ್ತೀನಿ ಅಂತ ಹೇಳಿದ’ ಅಂದಾಗ ಆ ನಾನು ಹೇಳಿದವನೇ ಅಂತ ಮಗುವಿಗೂ ಗೊತ್ತು. ಅಂತ ಬರುವ ತನಕ ಅವನ ಬಾಯಿ, ಅಂತ ಆದಮೇಲೆ ನಮ್ಮ ಬಾಯಿ. ಇಂಗ್ಲಿಷಿನ ದ್ಯಾಟ್‌ಗೆ ಬಾಯಿ ಬದಲಿಸುವ ಶಕ್ತಿ ಇಲ್ಲ. ಇಡೀ ವಾಕ್ಯ ಬರೆಯುವವರ ಬಾಯಲ್ಲೇ ನಡೆಯುತ್ತದೆ. ಆದ್ದರಿಂದ ‘ಐ’ ಹೋಗಿ ‘ಹಿ’ ಆಗಬೇಕು: ‘ಟೋಲ್ಡ್ ದ ಕಮಿಟಿ ದ್ಯಾಟ್ ಹಿ ವುಡ್ ಬೇರ್ ದ ಕಾಸ್ಟ್.’

ಅಷ್ಟಕ್ಕೇ ಮುಗಿಯಲಿಲ್ಲ. ಆ ‘ಹಿ’ ಕೂಡ ಪೂರ್ತಿ ನಂಬಿಕಸ್ಥ ಅಲ್ಲ. ಕನ್ನಡದಲ್ಲಿ ‘ತಾನು ಕೊಡ್ತೀನಿ ಅಂದ’ ಬೇರೆ, ‘ಅವನು ಕೊಡ್ತಾನೆ ಅಂದ’ ಬೇರೆ. ಮೊದಲನೆಯದರಲ್ಲಿ ಕೊಡುವವನು ಹೇಳಿದವನೇ, ಎರಡನೆಯದರಲ್ಲಿ ಮೂರನೆಯವನು. ಇಂಗ್ಲಿಷಿನಲ್ಲಿ ಎರಡಕ್ಕೂ ‘ಹಿ ಸೆಡ್ ದ್ಯಾಟ್ ಹಿ ವುಡ್ ಪೇ’. ನಮ್ಮ ‘ತಾನು’ ಅನ್ನುವಂಥ ಪದ ಅವರಲ್ಲಿಲ್ಲ. ಸಭೆಯಲ್ಲಿ ಕಾಂಟ್ರಾಕ್ಟರ್ ಜೊತೆ ಅವನ ಸೂಪರ್‌ವೈಸರ್ ಕೂಡ ಬಂದಿದ್ದ. ಹಾಗಾಗಿ ನಾನು ‘ಹಿ’ ಅನ್ನೂ ಹೊಡೆದು ‘ದ ಕಾಂಟ್ರಾಕ್ಟರ್’ ಅಂತ ಎರಡನೇ ಸಲವೂ ಬರೆದೆ. ಓದಲು ಸ್ವಲ್ಪ ಭಾರ, ನಿಜ. ದುಡ್ಡಿನ ಸಾಲಿನಲ್ಲಿ ಭಾರ ಇರಲಿ ಬಿಡಿ.

ನಾಳೆ, ಇವತ್ತು, ಇಲ್ಲಿ ಅನ್ನುವ ಪದಗಳಿಗೂ ಇದೇ ಗತಿ. ‘ನಾಳೆ ಬರ್ತೀನಿ ಅಂದ’ ಅನ್ನುವುದನ್ನು ಟುಮಾರೋ ಅಂತ ಬರೆದರೆ, ಓದುವವರು ತಮ್ಮ ನಾಳೆಯನ್ನು ಲೆಕ್ಕ ಹಾಕುತ್ತಾರೆ. ‘ದ ನೆಕ್ಸ್ಟ್ ಡೇ’ ಅನ್ನಬಹುದು. ತಾರೀಖು ಹಾಕುವುದು ಇನ್ನೂ ಒಳ್ಳೆಯದು.

ಮೂರನೇ ತಪಾಸಣೆ: ಅದು ಪ್ರಶ್ನೆಯಾ, ಅಪ್ಪಣೆಯಾ?

ಕೀ ಕೈಕೊಡುವುದು ಇಲ್ಲಿ. ‘ತ್ಯಾನೇ ವಿಚಾರಲಂ ಕೀ ತೂ ಕುಠೇ ರಾಹತೋಸ್’ ಅನ್ನುವುದು ಮರಾಠಿಯಲ್ಲಿ ಸರಿ. ಎಲ್ಲಿದ್ದೀಯ ಅಂತ ಕೇಳಿದ ಅನ್ನುವುದು ಕನ್ನಡದಲ್ಲಿ ಸರಿ. ಎರಡು ಕಡೆಯಿಂದ ಒತ್ತಡ ಬಿದ್ದು ‘ಹಿ ಆಸ್ಕ್ಡ್ ಮಿ ದ್ಯಾಟ್ ವೇರ್ ಡು ಯು ಲಿವ್’ ಅಂತ ಬರುತ್ತದೆ. ಪ್ರಶ್ನೆಯ ಪದ, ಅಂದರೆ ವೇರ್, ವೆನ್, ವೈ, ಹೌ ಬಂದರೆ ಅದೇ ಕೊಂಡಿ. ದ್ಯಾಟ್ ಬೇಡವೇ ಬೇಡ. ಹೌದಾ ಅಲ್ವಾ ಅನ್ನುವ ಪ್ರಶ್ನೆಯಾದರೆ ‘ಇಫ್’ ಇಲ್ಲವೇ ‘ವೆದರ್’. ಇನ್ನೊಂದು ಚಿಕ್ಕ ಬದಲಾವಣೆ: ಒಳಗಿನ ಪ್ರಶ್ನೆ ಪ್ರಶ್ನೆಯ ಹಾಗೆ ನಿಲ್ಲಬಾರದು. ‘ವೇರ್ ಡು ಯು ಲಿವ್’ ಹೋಗಿ ‘ವೇರ್ ಐ ಲಿವ್ಡ್’ ಆಗುತ್ತದೆ.

ಅಪ್ಪಣೆ, ಬೇಡಿಕೆಗಳಲ್ಲಿ ದೋಷ ಬೇರೆ ಥರ. ‘ಐ ವಾಂಟ್ ದ್ಯಾಟ್ ಯು ಕಮ್’ ಅಂತ ಬರೆಯಬಾರದು. ವಾಂಟ್‌ಗೆ ದ್ಯಾಟ್ ಒಗ್ಗುವುದಿಲ್ಲ, ‘ಐ ವಾಂಟ್ ಯು ಟು ಕಮ್’. ‘ಐ ರಿಕ್ವೆಸ್ಟ್ ಯು ದ್ಯಾಟ್’ ಕೂಡ ಆಗದು. ಒಂದೋ ‘ರಿಕ್ವೆಸ್ಟ್ ಯು ಟು ರೀಫಂಡ್’, ಇಲ್ಲವೇ ಯು ಇಲ್ಲದೆ ‘ರಿಕ್ವೆಸ್ಟ್ ದ್ಯಾಟ್ ದ ಅಮೌಂಟ್ ಬಿ ರೀಫಂಡೆಡ್’. ಸಜೆಸ್ಟ್ ಇದಕ್ಕೆ ಸರಿಯಾಗಿ ಎದುರು. ಅದಕ್ಕೆ ‘ಟು ವಾಕ್’ ಥರದ ಟು ಆಗದು, ದ್ಯಾಟ್ ಬೇಕು. ‘ದ ಡಾಕ್ಟರ್ ಸಜೆಸ್ಟೆಡ್ ಮಿ ಟು ವಾಕ್’ ತಪ್ಪು, ‘ಸಜೆಸ್ಟೆಡ್ ದ್ಯಾಟ್ ಐ ವಾಕ್’ ಸರಿ. ನಡುವೆ ಶುಡ್ ಸೇರಿಸಿದರೂ ಸರಿ.

ಈ ಗುಂಪಿನಲ್ಲಿ ನನಗೆ ಬಹಳ ಇಷ್ಟವಾದ ಪದ ‘ಇನ್ಸಿಸ್ಟ್’. ಎರಡು ಸಾಲು ನೋಡಿ. ‘ದ ಟ್ರೆಶರರ್ ಇನ್ಸಿಸ್ಟೆಡ್ ದ್ಯಾಟ್ ಹಿ ಪೇ.’ ‘ದ ಟ್ರೆಶರರ್ ಇನ್ಸಿಸ್ಟೆಡ್ ದ್ಯಾಟ್ ಹಿ ಪೇಯ್ಡ್.’ ಮೊದಲನೆಯದರಲ್ಲಿ, ಅವನು ಕಟ್ಟಲೇಬೇಕು ಅಂತ ಖಜಾಂಚಿ ಪಟ್ಟು ಹಿಡಿದಿದ್ದಾರೆ. ಎರಡನೆಯದರಲ್ಲಿ, ಅವನು ಕಟ್ಟಿದ್ದಾನೆ ಅಂತ ಖಜಾಂಚಿ ಸಾಧಿಸುತ್ತಿದ್ದಾರೆ. ಕೊನೆಯ ಒಂದು ‘ಡ್’ ಬಾಕಿಯನ್ನು ತೀರಿಸಿಬಿಡುತ್ತದೆ. ಕನ್ನಡದಲ್ಲಿ ‘ಕಟ್ಟಲಿ’ ಮತ್ತು ‘ಕಟ್ಟಿದ’ ಎಷ್ಟು ದೂರ ಇವೆಯೋ, ಅಲ್ಲಿ ಪೇ ಮತ್ತು ಪೇಯ್ಡ್ ಅಷ್ಟು ದೂರ.

‘ಇಟ್ ವಾಸ್ ಡಿಸ್ಕಸ್ಡ್ ದ್ಯಾಟ್’ ಅನ್ನುವುದನ್ನೂ ಇಲ್ಲೇ ಮುಗಿಸುತ್ತೇನೆ. ಡಿಸ್ಕಸ್‌ಗೆ ದ್ಯಾಟ್ ಒಗ್ಗುವುದಿಲ್ಲ. ಚರ್ಚೆ ನಡೆದಿದ್ದರೆ ‘ಡಿಸ್ಕಸ್ಡ್ ವೆದರ್’, ತೀರ್ಮಾನ ಆಗಿದ್ದರೆ ‘ಅಗ್ರೀಡ್ ದ್ಯಾಟ್’. ಯಾವುದು ಆಯಿತು ಅಂತ ಬರೆಯುವವರು ಮೊದಲು ತಾವೇ ನಿರ್ಧರಿಸಬೇಕು.

ನಾಲ್ಕನೇ ತಪಾಸಣೆ: ಅರ್ಥ ತಲೆಕೆಳಗಾಗಿದೆಯಾ?

ವ್ಯಾಕರಣ ಸರಿ ಇದ್ದೂ ಅರ್ಥ ಕೆಡುವ ಜಾಗ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಅಪಾಯದ್ದು. ಯಾಕೆಂದರೆ ಪೆನ್ಸಿಲ್ ಗೆರೆ ಎಳೆದು ವಾಪಸ್ ಕಳಿಸುವವರು ಯಾರೂ ಇರುವುದಿಲ್ಲ. ಸಾಲು ಸಲೀಸಾಗಿ ಓದಿಸಿಕೊಂಡು ಹೋಗುತ್ತದೆ, ಬೇರೆ ಅರ್ಥದಲ್ಲಿ.

ಘಾಟ್ಕೋಪರಿನಲ್ಲಿ ಅಂಗಡಿ ಇಟ್ಟಿರುವ ನಮ್ಮ ಕಡೆಯ ಹೆಂಗಸೊಬ್ಬರು ಬ್ಯಾಂಕಿಗೆ ಬರೆದಿದ್ದರು: ‘ಐ ಡೌಟ್ ದ್ಯಾಟ್ ದ ಅಮೌಂಟ್ ವಾಸ್ ಡೆಬಿಟೆಡ್ ಟ್ವೈಸ್.’ ಅವರ ಮನಸ್ಸಿನಲ್ಲಿದ್ದದ್ದು ‘ಎರಡು ಸಲ ಕಡಿತವಾಗಿದೆ ಅಂತ ನನಗೆ ಅನುಮಾನ’. ಇಂಗ್ಲಿಷಿನಲ್ಲಿ ಆ ಸಾಲಿಗೆ ‘ಎರಡು ಸಲ ಕಡಿತವಾಗಿದೆ ಅಂತ ನಾನು ನಂಬುವುದಿಲ್ಲ’ ಅನ್ನುವ ಅರ್ಥ. ದೂರು ಕೊಟ್ಟವರೇ ದೂರನ್ನು ತಳ್ಳಿಹಾಕಿದ ಹಾಗಾಯಿತು. ನಮ್ಮ ‘ಅನುಮಾನ’ ಎರಡು ದಿಕ್ಕಿಗೂ ಹೋಗುತ್ತದೆ. ಆಗಿರಬೇಕು ಅನ್ನುವುದಕ್ಕೂ ಅನುಮಾನ, ಆಗಿರಲಿಕ್ಕಿಲ್ಲ ಅನ್ನುವುದಕ್ಕೂ ಅನುಮಾನ. ಇಂಗ್ಲಿಷಿನಲ್ಲಿ ಆ ಕೆಲಸ ಹಂಚಿಹೋಗಿದೆ: ಆಗಿರಬೇಕು ಅಂದರೆ ‘ಸಸ್ಪೆಕ್ಟ್ ದ್ಯಾಟ್’, ಆಗಿರಲಿಕ್ಕಿಲ್ಲ ಅಂದರೆ ‘ಡೌಟ್ ದ್ಯಾಟ್’. ಒಂದು ಪದ ಬದಲಿಸಿ ಪತ್ರ ಕಳಿಸಿದೆವು.

‘ಡಿನೈ’ ಇನ್ನೊಂದು. ಅದರ ಒಳಗೇ ‘ಇಲ್ಲ’ ಇದೆ. ‘ಬಾಕಿ ಇಲ್ಲ ಅಂತ ನಿರಾಕರಿಸಿದರು’ ಅನ್ನುವ ಧಾಟಿಯಲ್ಲಿ ‘ಡಿನೈಡ್ ದ್ಯಾಟ್ ದೇರ್ ವರ್ ನೋ ಡ್ಯೂಸ್’ ಅಂತ ಬರೆದರೆ, ಬಾಕಿ ಇದೆ ಅಂತ ಅವರೇ ಒಪ್ಪಿಕೊಂಡ ಹಾಗೆ. ಡಿನೈ ಆದಮೇಲೆ ಎದುರಿನವರ ಆರೋಪವನ್ನು ನೇರವಾಗಿ ಇಡಿ: ‘ಡಿನೈಡ್ ದ್ಯಾಟ್ ದೇರ್ ವರ್ ಎನಿ ಡ್ಯೂಸ್.’

‘ಒಪ್ಪು’ ಅನ್ನುವ ನಮ್ಮ ಪದವೂ ಹಾಗೇ ಅಗಲವಾದದ್ದು. ಲೀಕೇಜ್ ಇದೆ ಅಂತ ಮೇಲಿನ ಮನೆಯವರು ಒಪ್ಪಿದರು. ‘ಅಗ್ರೀಡ್ ದ್ಯಾಟ್’ ಅಂದರೆ ನಮ್ಮ ಅಭಿಪ್ರಾಯವೇ ಅವರದ್ದೂ. ‘ಅಡ್ಮಿಟೆಡ್ ದ್ಯಾಟ್’ ಅಂದರೆ ತಪ್ಪು ತಮ್ಮದು ಅಂತ ಹೇಳಿಕೊಂಡರು. ‘ಅಗ್ರೀಡ್ ಟು’ ಅಂದರೆ ಮುಂದೆ ಏನೋ ಮಾಡಲು ಒಪ್ಪಿದರು. ಒಂದರ ಬದಲು ಇನ್ನೊಂದು ಬರೆದರೆ ಅಕ್ಕಪಕ್ಕದ ಮನೆಯವರ ನಡುವೆ ಮಾತು ನಿಂತುಹೋಗುತ್ತದೆ. ಹೀಗೆ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ‘ಕ್ಲೇಮ್ಡ್ ದ್ಯಾಟ್’ ಬಳಸುವಾಗಲೂ ಎಚ್ಚರ ಇರಲಿ. ಅವರು ಹೇಳಿದ್ದು ನಿಜವೋ ಸುಳ್ಳೋ, ನಾನಂತೂ ಹೊಣೆ ಅಲ್ಲ ಅನ್ನುವ ದನಿ ಅದರಲ್ಲಿದೆ. ವಿಮೆಯ ಕ್ಲೇಮ್ ಬೇರೆ ಮಾತು. ಸಭೆಯಲ್ಲಿ ಒಬ್ಬ ಹಿರಿಯರು ಎದ್ದು ನಿಂತು ತಮ್ಮ ಕಷ್ಟ ಹೇಳಿಕೊಂಡಾಗ ‘ಕ್ಲೇಮ್ಡ್’ ಅಂತ ಬರೆಯಬೇಡಿ. ‘ಸೆಡ್’ ಅಂತಲೇ ಬರೆಯಿರಿ. ಅದಕ್ಕೆ ಯಾವ ಬಣ್ಣವೂ ಇಲ್ಲ, ಮರ್ಯಾದೆ ಉಳಿಯುತ್ತದೆ.

ಕಾಲದ ವಿಷಯ

ಶಾಲೆಯಲ್ಲಿ ಇದನ್ನು ಬಹಳ ಉರು ಹೊಡೆಸಿದ್ದರು, ಹಾಗಾಗಿ ಜಾಸ್ತಿ ಹೇಳುವುದಿಲ್ಲ. ಸೆಡ್, ಟೋಲ್ಡ್ ಅಂತ ಹಿಂದಿನ ಕಾಲ ಬಂದರೆ ಒಳಗಿನದೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ. ವಿಲ್ ಇದ್ದದ್ದು ವುಡ್, ಕ್ಯಾನ್ ಇದ್ದದ್ದು ಕುಡ್, ಹ್ಯಾಸ್ ಇದ್ದದ್ದು ಹ್ಯಾಡ್. ಆ ಮಾತು ಬರೆಯುವ ಹೊತ್ತಿಗೂ ನಿಜವಾಗೇ ಇದ್ದರೆ ಸರಿಸದಿದ್ದರೂ ತಪ್ಪಲ್ಲ. ‘ಹಿ ಸೆಡ್ ದ್ಯಾಟ್ ಹಿ ಲಿವ್ಸ್ ಇನ್ ಮುಲುಂಡ್’ ಅಂದರೆ ಈಗಲೂ ಮುಲುಂಡಿನಲ್ಲಿದ್ದಾನೆ. ಮಿನಿಟ್ಸಿನಲ್ಲಿ ಮಾತ್ರ ನಾನು ಯಾವಾಗಲೂ ಹಿಂದಕ್ಕೆ ಸರಿಸುತ್ತೇನೆ. ನಾಳೆ ಅದು ನಿಜ ಉಳಿಯುತ್ತದೋ ಇಲ್ಲವೋ ನನಗೇನು ಗೊತ್ತು?

ದ್ಯಾಟ್ ಬಿಟ್ಟರೆ ನಡೆಯುತ್ತದಾ?

ನಡೆಯುತ್ತದೆ. ಸೇ, ಟೆಲ್, ಥಿಂಕ್, ನೋ (ತಿಳಿದಿರು), ಹೋಪ್ ಇವುಗಳ ಜೊತೆ ಮಾತಿನಲ್ಲಿ ದ್ಯಾಟ್ ಬಿಡುವುದೇ ಜಾಸ್ತಿ. ‘ಐ ಥಿಂಕ್ ಹಿ ಈಸ್ ಅಟ್ ಹೋಮ್’ ಅನ್ನುವಲ್ಲಿ ದ್ಯಾಟ್ ಹಾಕಿದರೆ ಸ್ವಲ್ಪ ಬಿಗಿಯಾಗಿ ಕೇಳಿಸುತ್ತದೆ. ಎಕ್ಸ್‌ಪ್ಲೇನ್, ಅನೌನ್ಸ್, ಕಂಪ್ಲೇನ್, ರಿಪ್ಲೈ ಇವುಗಳ ಜೊತೆ ಉಳಿಸಿಕೊಳ್ಳುವುದು ಒಳ್ಳೆಯದು. ಕ್ರಿಯಾಪದಕ್ಕೂ ಒಳಗಿನ ಮಾತಿಗೂ ನಡುವೆ ಇನ್ನೇನಾದರೂ ಬಂದು ಕೂತರೆ ಮಾತ್ರ ಬಿಡಲೇಬೇಡಿ.

ಹೋದ ತಿಂಗಳ ಮಿನಿಟ್ಸಿನ ಸಾಲು: ‘ದ ಪ್ಲಂಬರ್ ಸೆಡ್ ಆನ್ ಸಂಡೇ ದ ಟ್ಯಾಂಕ್ ವಾಸ್ ಓವರ್‌ಫ್ಲೋಯಿಂಗ್.’ ಪ್ಲಂಬರ್ ಭಾನುವಾರ ಹೇಳಿದನೋ, ಟ್ಯಾಂಕ್ ಭಾನುವಾರ ಉಕ್ಕಿತೋ? ಭಾನುವಾರ ಉಕ್ಕಿದ್ದರೆ ಅವತ್ತಿನ ಪಾಳಿಯ ವಾಚ್‌ಮನ್ ಜವಾಬು ಕೊಡಬೇಕು. ಭಾನುವಾರ ಹೇಳಿದ್ದಷ್ಟೇ ಆದರೆ ಅವನ ಮೇಲೆ ಮಾತೇ ಬರುವುದಿಲ್ಲ. ಪ್ಲಂಬರ್‌ಗೆ ಫೋನ್ ಮಾಡಿ ಕೇಳಿದೆ. ಉಕ್ಕಿದ್ದು ಶುಕ್ರವಾರ, ಅವನು ಹೇಳಿದ್ದು ಭಾನುವಾರ. ‘ಸಂಡೇ’ ಆದಮೇಲೆ ಒಂದು ದ್ಯಾಟ್ ಸೇರಿಸಿ, ಕೊನೆಗೆ ‘ಆನ್ ಫ್ರೈಡೇ’ ಅಂತ ಬರೆದು, ಹಾಳೆಯನ್ನು ಸಹಿಗೆ ಕಳಿಸಿದೆ.